ಲೋಹ ಹಿಡಿಯುವ ಬ್ಯಾಕ್ಟೀರಿಯಾ ಮತ್ತು ನಮ್ಮ ಹಸುವಿನ ನೀರಿನ ತೊಟ್ಟಿ



ಚಿಕ್ಕಯ್ಯನಛತ್ರ ಕಡೆಯ ಮಹಿಳಾ ಸಂಘಗಳಿಗೆ ಹೋದಾಗ ನನಗೆ ಎದುರಾಗುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ: ಕೆಚ್ಚಲು ಬಾವು, ಗರ್ಭ ನಿಲ್ಲದಿರುವುದು, ಫ್ಯಾಟ್ ಕಡಿಮೆ ಬರುವುದು. ಈಚೆಗೆ ಹೊಸದೊಂದು ಸೇರಿಕೊಂಡಿದೆ. ಫೋನಿನಲ್ಲಿ ವಿಡಿಯೊ ನೋಡಿದವರು ಕೇಳುತ್ತಾರೆ: "ನೀರಲ್ಲಿರೋ ವಿಷದ ಲೋಹನೆಲ್ಲ ತಿಂದ್ಬಿಡೋ ಬ್ಯಾಕ್ಟೀರಿಯಾ ಮಾಡವ್ರಂತಲ್ಲ ಡಾಕ್ಟ್ರೇ, ಸಂಘಕ್ಕೆ ಯಾವಾಗ ಬರ್ತದೆ?" ಖನಿಜ ಮಿಶ್ರಣದ ಪೊಟ್ಟಣದ ಹಾಗೆ ಅದೂ ಬರುತ್ತದೆ, ತೊಟ್ಟಿಗೆ ಒಂದು ಚಮಚ ಹಾಕಿದರೆ ಮುಗಿಯಿತು ಎಂಬ ಆಸೆ ಆ ಪ್ರಶ್ನೆಯೊಳಗಿದೆ.

ಒಂದು ಕಡೆ ಕಪಿಲೆ, ಇನ್ನೊಂದು ಕಡೆ ನಂಜನಗೂಡು ಮತ್ತು ತಾಂಡ್ಯದ ಕೈಗಾರಿಕಾ ಪ್ರದೇಶ. ಇವೆರಡರ ನಡುವೆ ಹಸು ಕಟ್ಟಿರುವವರಿಗೆ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ವಿಡಿಯೊದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಂಥ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯಗಳಲ್ಲಿ ಮಾಡಿರುವುದು ನಿಜ. ಆದರೆ "ತಿಂದ್ಬಿಡೋ" ಎಂಬ ಮಾತು ಮಾತ್ರ ಸರಿಯಲ್ಲ. ಅದು ಯಾಕೆ ಸರಿಯಲ್ಲ ಎಂದು ತಿಳಿದುಕೊಂಡರೆ ನಿಮ್ಮ ಕೊಟ್ಟಿಗೆಯಲ್ಲಿ ಇವತ್ತೇ ಬದಲಾಯಿಸಬೇಕಾದ ಒಂದೆರಡು ಸಂಗತಿ ಕಣ್ಣಿಗೆ ಬೀಳುತ್ತವೆ.

ಲೋಹ ಕೊಳೆಯುವುದಿಲ್ಲ

ತಿಪ್ಪೆಗೆ ಹಾಕಿದ ಹುಲ್ಲು, ಸಗಣಿ, ಎಂಜಲು ಎಲ್ಲವೂ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತವೆ. ಸೂಕ್ಷ್ಮಜೀವಿಗಳು ಅವನ್ನು ಬಿಡಿಸಿ, ಮುರಿದು, ತಿಂದು ಮುಗಿಸುತ್ತವೆ. ಸೀಸ, ಕ್ಯಾಡ್ಮಿಯಂ, ಪಾದರಸ ಮತ್ತು ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ಆರ್ಸೆನಿಕ್ ಹಾಗಲ್ಲ. ಇವು ಮೂಲವಸ್ತುಗಳು. ಅವುಗಳಲ್ಲಿ ಮುರಿಯಲು ಏನೂ ಇಲ್ಲ. ಸುಟ್ಟರೆ ಬೂದಿಯಲ್ಲಿ ಉಳಿಯುತ್ತವೆ ಅಥವಾ ಹೊಗೆಯ ಜೊತೆ ಹೋಗುತ್ತವೆ, ಹೂತರೆ ಮಣ್ಣಿನಲ್ಲಿ ಉಳಿಯುತ್ತವೆ. ನೀರು ಕಾಯಿಸಿದರೆ ರೋಗಾಣು ಸಾಯುತ್ತದೆ, ಲೋಹ ಉಳಿಯುತ್ತದೆ. ಹಾಲು ಕಾಯಿಸುತ್ತಾ ಹೋದರೆ ನೀರು ಆರಿ ಖೋವಾ ಉಳಿಯುವುದಿಲ್ಲವೇ, ಹಾಗೆಯೇ ಕುದಿದಷ್ಟೂ ಲೋಹ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೆ, ಬ್ಲೀಚಿಂಗ್ ಪುಡಿ ಹಾಕಿದರೆ ನೀರಲ್ಲಿ ಕರಗಿದ ಲೋಹ ಹೋಗುವುದಿಲ್ಲ.

ಪ್ರಮಾಣವನ್ನೂ ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಆರ್ಸೆನಿಕ್ 0.01, ಕ್ಯಾಡ್ಮಿಯಂ 0.003, ಪಾದರಸ 0.001. ಅಂದರೆ 10,000 ಲೀಟರಿನ ಹತ್ತು ಟ್ಯಾಂಕರ್ ನೀರಿನಲ್ಲಿ ಒಂದೇ ಒಂದು ಗ್ರಾಂ ಸೀಸ ಕರಗಿದರೆ ಮಿತಿ ಮುಟ್ಟಿತು. ಇಷ್ಟು ಸಣ್ಣ ಪ್ರಮಾಣಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇರುವುದಿಲ್ಲ. "ನಮ್ಮ ಬೋರಿನ ನೀರು ಗಾಜಿನ ಥರ ಇದೆ" ಎಂದು ಹೆಮ್ಮೆಯಿಂದ ಹೇಳುತ್ತೀರಿ. ತಿಳಿಯಾಗಿರುವುದು ಸಂತೋಷವೇ, ಆದರೆ ಲೋಹದ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ.

ಹಾಲು ಕೊಡುವ ಸಂಕರ ತಳಿ ಹಸು ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಅದರ ಮೈತೂಕ ನಮ್ಮ ಏಳೆಂಟು ಪಟ್ಟು ಇರಬಹುದು, ಕುಡಿಯುವ ನೀರು ಮಾತ್ರ 25-30 ಪಟ್ಟು. ಒಳಗೆ ಹೋದ ಲೋಹದಲ್ಲಿ ಬಹುಪಾಲು ಸಗಣಿಯಲ್ಲಿ ಹೊರಗೆ ಬರುತ್ತದೆ. ರಕ್ತಕ್ಕೆ ಸೇರಿದ್ದು ಪಿತ್ತಜನಕಾಂಗ, ಮೂತ್ರಪಿಂಡ, ಮೂಳೆಗಳಲ್ಲಿ ಕೂರುತ್ತದೆ. ಅದರಲ್ಲೊಂದು ಸಣ್ಣ ಪಾಲು ಹಾಲಿಗೆ ಇಳಿಯುತ್ತದೆ. ಹಾಲಿನಲ್ಲಿ ಸೀಸದ ಮಿತಿ ಕೆಜಿಗೆ 0.02 ಮಿಲಿಗ್ರಾಂ ಎಂದು ಇಷ್ಟು ಬಿಗಿಯಾಗಿ ಇಟ್ಟಿರುವುದಕ್ಕೆ ಕಾರಣ, ಹಾಲು ಕುಡಿಯುವವರಲ್ಲಿ ಮಕ್ಕಳೂ ಇದ್ದಾರೆ, ಮತ್ತು ಸೀಸ ಮೊದಲು ಕೈ ಹಾಕುವುದು ಬೆಳೆಯುವ ಮಿದುಳಿಗೆ.

ಒಂದು ಹಳೆಯ ಬ್ಯಾಟರಿ

ಇದೆಲ್ಲ ಕಾರ್ಖಾನೆಯ ಪಕ್ಕದವರ ಕಥೆ, ನಮಗೇಕೆ ಎನ್ನುವವರಿಗಾಗಿ ಒಂದು ಪ್ರಸಂಗ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಬೇರೆ ತಾಲ್ಲೂಕಿನದು. ಸುತ್ತ ಹತ್ತು ಮೈಲಿಯಲ್ಲಿ ಒಂದು ಕಾರ್ಖಾನೆ ಇರಲಿಲ್ಲ. ಎರಡು ಕರುಗಳಿಗೆ "ಗಾಳಿ ಸೋಕಿದೆ" ಎಂದು ಕರೆ ಬಂತು. ಕುತ್ತಿಗೆಗೆ ಆಗಲೇ ಅಂತ್ರ ಕಟ್ಟಿಯಾಗಿತ್ತು. ಒಂದು ಕರು ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು, ಹಲ್ಲು ಕಡಿಯುತ್ತಿತ್ತು, ಕಿವಿ ಅದುರುತ್ತಿತ್ತು. ಕಣ್ಣ ಮುಂದೆ ಕೈ ಆಡಿಸಿದರೆ ರೆಪ್ಪೆ ಮುಚ್ಚಲಿಲ್ಲ. ಇನ್ನೊಂದು ಸ್ವಲ್ಪ ಮೇಲು, ಮೇವು ಬಿಟ್ಟಿತ್ತು ಅಷ್ಟೆ. ಗೊಂತಿನ ಒಂದು ಮೂಲೆ ಅಲುಗಾಡದಂತೆ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಒತ್ತು ಕೊಟ್ಟಿದ್ದರು. ಅದರ ಒಂದು ಬದಿ ಒಡೆದಿತ್ತು, ಒಳಗಿನ ಪ್ಲೇಟು ನೆಕ್ಕಿ ನೆಕ್ಕಿ ನುಣ್ಣಗಾಗಿತ್ತು.

ಮೊದಲ ಕರು ಆ ರಾತ್ರಿಯೇ ಸತ್ತಿತು. ಎರಡನೆಯದು ಚಿಕಿತ್ಸೆಗೆ ತಡವಾಗಿಯಾದರೂ ತಿರುಗಿತು. ಮನೆಯಾಕೆ ಕೇಳಿದ್ದು ಕರುವಿನ ವಿಷಯವಲ್ಲ. "ತಾಯಿ ಹಸೂನೂ ಅದೇ ಗೊಂತಲ್ಲೇ ಮೇಯೋದು ಡಾಕ್ಟ್ರೇ. ಸಾಯಂಕಾಲ ಡೇರಿಗೆ ಹಾಲು ಹಾಕ್ಲಾ?" ದಿನಕ್ಕೆ ಒಂಬತ್ತು ಲೀಟರ್ ಹಾಲು, ತಿಂಗಳ ಕಂತು ಅದರಿಂದಲೇ ಕಟ್ಟಬೇಕು. ರಕ್ತ ಪರೀಕ್ಷೆಯ ವರದಿ ಬರುವ ತನಕ ಬೇಡ ಎಂದೆ. ಮೂರು ವಾರ ಆಕೆ ಹಾಲು ಕರೆದು ಗುಂಡಿಗೆ ಸುರಿದರು. ಯಾರೂ ನೋಡುತ್ತಿರಲಿಲ್ಲ, ಕ್ಯಾನಿಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ನಮ್ಮ ಸಂಘದಲ್ಲಿ ನೋಡುವುದು ಫ್ಯಾಟು, ಎಸ್‌ಎನ್‌ಎಫ್. ಲ್ಯಾಕ್ಟೋಮೀಟರಿಗೆ ಸೀಸ ಕಾಣುವುದಿಲ್ಲ. ವಾಹನದ ಬ್ಯಾಟರಿ, ಹಳೆಯ ಬಣ್ಣದ ಡಬ್ಬ, ಬಳಸಿದ ಎಂಜಿನ್ ಆಯಿಲ್, ಕಸ ಸುಟ್ಟ ಬೂದಿ: ಇವು ಕೊಟ್ಟಿಗೆಯ ಹತ್ತಿರ ಇರಬಾರದು ಎಂದು ನಾವು ಬಾಯಿ ನೋಯುವ ತನಕ ಹೇಳುವುದು ಇದಕ್ಕೇ.

ಬ್ಯಾಕ್ಟೀರಿಯಾ ಮಾಡುವ ಕೆಲಸ ಯಾವುದು?

ಈಗ ವಿಡಿಯೊದ ಬ್ಯಾಕ್ಟೀರಿಯಾಕ್ಕೆ ಬರೋಣ. ಇ. ಕೊಲೈ ಎಂಬ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಕರುವಿನ ಭೇದಿಗೂ ಕೆಲವು ತೀವ್ರವಾದ ಕೆಚ್ಚಲು ಬಾವಿಗೂ ಅದೇ ಕಾರಣ. ಅದೇ ಜಾತಿಯ ನಿರುಪದ್ರವಿ ತಳಿಗಳು ವಿಜ್ಞಾನಿಗಳ ಪಾಲಿಗೆ ಹೇಳಿದ ಕೆಲಸ ಮಾಡುವ ಎತ್ತುಗಳು. ಬೇರೆ ಜೀವಿಯ ಒಂದು ವಂಶವಾಹಿಯನ್ನು, ಅಂದರೆ ಒಂದು ಗುಣದ ಬೀಜವನ್ನು, ಅದರೊಳಗೆ ಸೇರಿಸಿದರೆ ಅದು ಹೊಸ ಕೆಲಸ ಕಲಿಯುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ ಹೀಗೆ ಬ್ಯಾಕ್ಟೀರಿಯಾದಿಂದ ತಯಾರಾಗಿ ಮಾರುಕಟ್ಟೆಗೆ ಬರಲು ಶುರುವಾಗಿದ್ದು 1982ರಲ್ಲಿ. ನಾವು ವೀರ್ಯನಳಿಕೆ ಹಾಕಿ ಒಳ್ಳೆಯ ಹೋರಿಯ ಗುಣವನ್ನು ಊರಿನ ಹಸುವಿಗೆ ತರುತ್ತೇವೆ. ಅಲ್ಲಿ ಸಾವಿರಾರು ಗುಣ ಒಟ್ಟಿಗೆ ಬರುತ್ತವೆ, ಇಲ್ಲಿ ಆರಿಸಿದ ಒಂದೋ ಎರಡೋ.

ಲೋಹ ಹಿಡಿಯುವ ಗುಣ ಸಿಕ್ಕಿದ್ದು ಪ್ರಾಣಿಗಳ ಮೈಯಲ್ಲೇ. 1957ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಕುದುರೆಯ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಂಡ ಒಂದು ಪುಟ್ಟ ಪ್ರೋಟೀನನ್ನು ಕಂಡರು. ಆಮೇಲೆ ಅದಕ್ಕೆ ಮೆಟಲೋಥಯೊನೀನ್ ಎಂದು ಹೆಸರಾಯಿತು. ನಿಮ್ಮ ಹಸುವಿನಲ್ಲೂ, ನಮ್ಮಲ್ಲೂ ಅದು ಇದೆ. ಸತುವಿನಂಥ ಬೇಕಾದ ಲೋಹವನ್ನು ಹದದಲ್ಲಿಡಲು, ಬೇಡದ್ದು ಬಂದರೆ ಕಟ್ಟಿಹಾಕಲು ದೇಹ ಇಟ್ಟುಕೊಂಡಿರುವ ಕಾವಲು ಅದು.

ಸ್ಪೇನಿನ ವಿಜ್ಞಾನಿಗಳು 2000ದಲ್ಲಿ ಇಲಿಯ ಈ ಪ್ರೋಟೀನಿನ ವಂಶವಾಹಿಯನ್ನು ಒಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಬೆಲ್ಜಿಯಂನ ಸತುವಿನ ಕಾರ್ಖಾನೆಯೊಂದರ ಕೆಸರಿನಲ್ಲೇ ಬದುಕುತ್ತಿದ್ದ ಗಟ್ಟಿ ಜೀವ ಅದು. ಪ್ರೋಟೀನು ಅದರ ಮೈಯ ಹೊರಗೆ ಅಂಟಿನಂತೆ ಇರುವ ಹಾಗೆ ಮಾಡಿದರು. ಕ್ಯಾಡ್ಮಿಯಂ ಬೆರೆತ ಮಣ್ಣಿಗೆ ಆ ಬ್ಯಾಕ್ಟೀರಿಯಾ ಹಾಕಿ ಹೊಗೆಸೊಪ್ಪಿನ ಜಾತಿಯ ಗಿಡ ಬೆಳೆಸಿದಾಗ, ಗಿಡಕ್ಕೆ ವಿಷದ ಬಾಧೆ ಕಡಿಮೆಯಾಯಿತು. ಕ್ಯಾಡ್ಮಿಯಂ ಎಲ್ಲಿ ಹೋಯಿತು? ಎಲ್ಲಿಗೂ ಇಲ್ಲ. ಮಣ್ಣಿನಲ್ಲೇ ಇತ್ತು, ಬೇರಿನ ಬಾಯಿಗೆ ಸಿಗದಂತೆ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡಿತ್ತು.

ಪಾದರಸದ ದಾರಿ ಬೇರೆ. ಕೆಲವು ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಪಾದರಸವನ್ನು ಆವಿಯಾಗಿ ಮಾಡಿ ಹೊರಗೆ ಬಿಡುತ್ತವೆ. ಆ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ಕೊಟ್ಟು ನೋಡಿದ್ದಾರೆ. ನೀರೇನೋ ಶುದ್ಧ, ಆದರೆ ಆವಿಯನ್ನು ಹಿಡಿಯುವ ವ್ಯವಸ್ಥೆ ಇಲ್ಲದಿದ್ದರೆ ತೊಟ್ಟಿಯ ವಿಷ ಗಾಳಿಗೆ ಹೋಯಿತು ಅಷ್ಟೆ. ನಮ್ಮ ದೇಶದಲ್ಲಿ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ವಿಕಿರಣಕ್ಕೂ ಜಗ್ಗದ ಒಂದು ಬ್ಯಾಕ್ಟೀರಿಯಾಕ್ಕೆ ಹೊಸ ವಂಶವಾಹಿ ಸೇರಿಸಿ, ನೀರಿನಲ್ಲಿ ಕರಗಿದ ಯುರೇನಿಯಂ ಗಷ್ಟವಾಗಿ ತಳಕ್ಕೆ ಕೂರುವಂತೆ ಮಾಡಿ ತೋರಿಸಿದ್ದಾರೆ. ಇಲ್ಲೂ ಅದೇ: ಯುರೇನಿಯಂ ಇಲ್ಲವಾಗಲಿಲ್ಲ, ಹರಡಿದ್ದು ಒಂದು ಕಡೆ ಸೇರಿತು. ಒಂದು ಕಡೆ ಸೇರಿಸುವುದೇ ದೊಡ್ಡ ಕೆಲಸ, ಅದನ್ನು ಕಡೆಗಣಿಸುತ್ತಿಲ್ಲ. ಕೆರೆಯಷ್ಟು ಕೆಟ್ಟ ನೀರು ಒಂದು ಬಕೆಟ್ ಕೆಟ್ಟ ಕೆಸರಾದರೆ ಅರ್ಧ ಗೆದ್ದಂತೆ. ಉಳಿದರ್ಧ ಆ ಬಕೆಟ್ಟಿನದು.

ಹಾಗಾದರೆ ಅಂಗಡಿಯಲ್ಲಿ ಏಕಿಲ್ಲ?

ಬ್ಯಾಕ್ಟೀರಿಯಾ ಕಟ್ಟಿಹಾಕುವ ಪ್ರಾಣಿಯಲ್ಲ. ಹೊಳೆಗೆ ಬಿಟ್ಟ ಮೇಲೆ ವಾಪಸ್ ಹಿಡಿದು ತರಲು ಆಗುವುದಿಲ್ಲ. ಅದು ತನ್ನ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸಲೂಬಹುದು. ಆಂಟಿಬಯೋಟಿಕ್‌ಗೆ ಬಗ್ಗದ ರೋಗಾಣುಗಳು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೆಚ್ಚುತ್ತಿರುವುದು ಇದೇ ದಾಟಿಸುವ ಚಾಳಿಯಿಂದ. ಆದ್ದರಿಂದ ಎಲ್ಲ ದೇಶಗಳೂ ಇದರಲ್ಲಿ ನಿಧಾನಿಸುತ್ತವೆ. ಬಂಗಾಳದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಆನಂದ ಚಕ್ರವರ್ತಿ ಎಂಬ ವಿಜ್ಞಾನಿ, ಚೆಲ್ಲಿದ ಕಚ್ಚಾ ತೈಲವನ್ನು ಕರಗಿಸುವ ಬ್ಯಾಕ್ಟೀರಿಯಾ ರೂಪಿಸಿದ್ದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ಪೇಟೆಂಟ್ ಕೊಡಬಹುದೆಂದು ತೀರ್ಪು ಕೊಟ್ಟಾಗ ಜಗತ್ತೇ ಮಾತಾಡಿತು. ಆದರೆ ಆ ಬ್ಯಾಕ್ಟೀರಿಯಾ ತೈಲ ಚೆಲ್ಲಿದ ಕಡಲಿಗೆ ಇಳಿಯಲೇ ಇಲ್ಲ. ತೈಲವಾದರೂ ನಿಜವಾಗಿ ತಿನ್ನಬಹುದಾದ ವಸ್ತು, ಲೋಹದ ಹಾಗಲ್ಲ.

ನಮ್ಮಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳ ಪ್ರಕಾರ, ವಂಶವಾಹಿ ಬದಲಿಸಿದ ಯಾವುದೇ ಜೀವಿಯನ್ನು ಹೊರಗೆ ಬಿಡಲು ಕೇಂದ್ರದ ಸಮಿತಿಯ ಒಪ್ಪಿಗೆ ಬೇಕು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿದ್ದು ಅದೇ ಸಮಿತಿ. ಹತ್ತಿ ಬೆಳೆದ ಮನೆಯವರಿಗೆ ಆಗಿನ ಗದ್ದಲ ನೆನಪಿರಬಹುದು. ಹಾಗಾಗಿ ಯಾರಾದರೂ ಬೈಕಿನಲ್ಲಿ ಬಂದು "ಲೋಹ ತಿನ್ನುವ ಜೆನೆಟಿಕ್ ಪೌಡರ್" ಎಂದು ಡಬ್ಬ ಮಾರಿದರೆ ಕೊಳ್ಳಬೇಡಿ. ಒಪ್ಪಿಗೆ ಪತ್ರ ತೋರಿಸಿ ಎಂದು ಕೇಳಿ, ಸಂಘದ ಕಾರ್ಯದರ್ಶಿಗೆ ತಿಳಿಸಿ.

ನಮ್ಮ ರಾಜ್ಯದ ಕಥೆ: ಸಗಣಿಯ ಪಾಲು

ಲೋಹದ ತೊಂದರೆ ದೂರದ ದೇಶದ್ದಲ್ಲ. ಯಾದಗಿರಿ ಜಿಲ್ಲೆಯಲ್ಲಿ ಮಂಗಳೂರು ಎಂಬ ಊರಿನ ಸುತ್ತ (ನಮ್ಮ ಕಡಲ ತೀರದ ಮಂಗಳೂರಲ್ಲ) ಹಿಂದೆ ಚಿನ್ನ ತೆಗೆದು ಬಿಟ್ಟ ಹಳೆಯ ಗಣಿಗಳಿವೆ. ಅಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇ. 79ರಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಂ ಮಿತಿಗಿಂತ ಹೆಚ್ಚಿತ್ತು, ಒಂದರಲ್ಲಂತೂ ಮೂವತ್ತು ಪಟ್ಟು. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದ ಮೇಲೆ ಅದರ ಗುರುತು ಎದ್ದಿತ್ತು. ಗಣಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಲೋಹ ಅಲ್ಲೇ ಕಾದು ಕೂತಿತ್ತು.

ಇದಕ್ಕೆ ಉತ್ತರ ಹುಡುಕುತ್ತಿರುವವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆರ್ಸೆನಿಕ್ ತೆಗೆಯುವ ಮೂರು ಹಂತದ ವಿಧಾನವನ್ನು ಅವರು 2024ರಲ್ಲಿ ತಿಳಿಸಿದರು. ಅದರ ಮೂರನೆಯ ಹಂತ ಓದಿ ನನಗೆ ನಿಮ್ಮೆಲ್ಲರ ನೆನಪಾಯಿತು. ಮೊದಲು ನೀರನ್ನು ಸಿಗಡಿ-ಏಡಿಯ ಚಿಪ್ಪಿನಿಂದ ಮಾಡಿದ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಸೇರಿಸಿದ ಒಂದು ಹಾಸಿನ ಮೂಲಕ ಹರಿಸುತ್ತಾರೆ. ಆರ್ಸೆನಿಕ್ ಅದಕ್ಕೆ ಅಂಟಿ, ಕುಡಿಯುವ ನೀರು ಬೇರೆಯಾಗುತ್ತದೆ. ಎರಡನೆಯದಾಗಿ, ಹಾಸನ್ನು ಕ್ಷಾರದಲ್ಲಿ ತೊಳೆದು, ಆ ತೊಳೆದ ನೀರಿನಿಂದ ಆರ್ಸೆನಿಕ್ ಅನ್ನು ಒಂದು ಪೊರೆಯ ಮೂಲಕ ಬೇರ್ಪಡಿಸುತ್ತಾರೆ. ಸಾಮಾನ್ಯವಾಗಿ ಎಲ್ಲ ಫಿಲ್ಟರುಗಳ ಕಥೆ ಇಲ್ಲಿಗೇ ನಿಲ್ಲುತ್ತದೆ, ಉಳಿದ ವಿಷವನ್ನು ಯಾರದೋ ಬೇಲಿಯಾಚೆ ಚೆಲ್ಲುತ್ತಾರೆ. ಇವರು ಅದನ್ನು ಹಸುವಿನ ಸಗಣಿಗೆ ಬೆರೆಸಿದರು.

ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳು ವಂಶವಾಹಿ ಬದಲಿಸಿದವಲ್ಲ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ನಿಮಗೆ ಒಲೆ ಉರಿಸುವ ಅದೇ ಬಳಗದವು. ಗಾಳಿಯಾಡದ ಕಡೆ ಅವು ಆರ್ಸೆನಿಕ್‌ಗೆ ಇಂಗಾಲ, ಜಲಜನಕದ ಒಂದು ಸಣ್ಣ ಗುಂಪನ್ನು ಜೋಡಿಸಿ ಅದರ ರೂಪವನ್ನೇ ಬದಲಿಸುತ್ತವೆ. ಎಂಟು ದಿನಗಳಲ್ಲಿ ದ್ರವದಲ್ಲಿದ್ದ ಆರ್ಸೆನಿಕ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗೆ ಇಳಿಯಿತು, ಹೊಸ ರೂಪದ ವಿಷ ಸರಾಸರಿ 50 ಪಟ್ಟು ಕಡಿಮೆ ಎಂದು ಅವರ ಲೆಕ್ಕ. ಉಳಿದ ಸಗಣಿ ಕೆಸರನ್ನು ಕಸ ಹೂಳುವ ನಿಗದಿತ ಜಾಗದಲ್ಲಿ ಹೂಳಬಹುದು. ನನ್ನ ಮಟ್ಟಿಗೆ, ವಿಡಿಯೊದ ಹೊಸ ಬ್ಯಾಕ್ಟೀರಿಯಾಗಳಿಗಿಂತ ಇದು ಹೆಚ್ಚು ಮೆಚ್ಚುವ ಕೆಲಸ. ತೆಗೆದ ವಿಷವನ್ನು ಏನು ಮಾಡಬೇಕು ಎಂದು ಇವರು ಮೊದಲೇ ಯೋಚಿಸಿದ್ದಾರೆ.

ಆದರೆ ದಯವಿಟ್ಟು ಇದನ್ನು ಓದಿ ಬಾವಿಗೋ ತೊಟ್ಟಿಗೋ ಸಗಣಿ ಹಾಕಬೇಡಿ! ಸಗಣಿ ಬೆರೆಸಿದ್ದು ಕುಡಿಯುವ ನೀರಿಗಲ್ಲ, ಬೇರ್ಪಡಿಸಿ ತೆಗೆದ ವಿಷಕ್ಕೆ, ಮುಚ್ಚಿದ ಪಾತ್ರೆಯಲ್ಲಿ. ಕುಡಿಯುವ ನೀರಿಗೆ ಸಗಣಿ ಸೇರಿದರೆ ಲೋಹ ಹೋಗುವುದಿಲ್ಲ, ಭೇದಿ ಬರುತ್ತದೆ.

ನಿಮ್ಮ ಕೊಟ್ಟಿಗೆಗೆ ಸಂಬಂಧಿಸಿದ್ದು

"ತೆಗೆದ ಲೋಹ ಎಲ್ಲಿಗೆ ಹೋಯಿತು?" ಎಂಬ ಪ್ರಶ್ನೆ ಹಿಡಿದು ಒಮ್ಮೆ ಊರು ಸುತ್ತಿ ಬನ್ನಿ. ಮೊದಲು ಶುದ್ಧ ಕುಡಿಯುವ ನೀರಿನ ಘಟಕದ ಹಿಂಭಾಗಕ್ಕೆ ಹೋಗಿ. ಐದು ರೂಪಾಯಿ ಹಾಕಿದರೆ ಮುಂದಿನ ನಲ್ಲಿಯಲ್ಲಿ ಒಳ್ಳೆಯ ನೀರು ಬರುತ್ತದೆ. ಹಿಂದಿನ ಪೈಪಿನಲ್ಲಿ ಬರುವುದು, ಮುಂದೆ ಬಂದ ನೀರಿನಿಂದ ತೆಗೆದ ಉಪ್ಪು, ಫ್ಲೋರೈಡ್, ಲೋಹ ಇದ್ದರೆ ಲೋಹ, ಎಲ್ಲವನ್ನೂ ಹೊತ್ತ ನೀರು. ಬೋರಿನಲ್ಲಿ ಇದ್ದದ್ದಕ್ಕಿಂತ ಇದರಲ್ಲಿ ಹೆಚ್ಚು. ವ್ಯರ್ಥ ಮಾಡಬಾರದೆಂದು ಅದನ್ನು ದನಗಳ ತೊಟ್ಟಿಗೆ ತಿರುಗಿಸಿರುವ ಊರುಗಳನ್ನು ನಾನು ಕಂಡಿದ್ದೇನೆ. ಉದ್ದೇಶ ಒಳ್ಳೆಯದೇ. ಆದರೆ ನಾವು ಕುಡಿಯಲಾಗದ್ದನ್ನೆಲ್ಲ ಹಸುವಿಗೆ ಕುಡಿಸಿ, ಅದರ ಹಾಲನ್ನು ನಮ್ಮ ಮಕ್ಕಳಿಗೆ ಕುಡಿಸಿದಂತಾಗುತ್ತದೆ. ಆ ನೀರು ಶೌಚಾಲಯಕ್ಕೆ, ನೆಲ ತೊಳೆಯಲು ಇರಲಿ. ತೊಟ್ಟಿಗೆ ಬೇಡ. ಇದೊಂದನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಎತ್ತಿ ಎಂದು ಕೇಳಿಕೊಳ್ಳುತ್ತೇನೆ.

ಅಜೋಲ್ಲ ಬೆಳೆಸಿ ಎಂದು ನಾವೇ ಹೇಳುತ್ತೇವೆ. ಅದು ನೀರಿನಲ್ಲಿರುವ ಲೋಹವನ್ನು ಚೆನ್ನಾಗಿ ಹೀರುವ ಸಸ್ಯವೂ ಹೌದು. ಆದ್ದರಿಂದ ಅಜೋಲ್ಲದ ಗುಂಡಿಗೆ ಚರಂಡಿ ನೀರು ತಾಗಬಾರದು. ಕೊಳಚೆ ಸೇರುವ ಕೆರೆಯ ಅಂತರಗಂಗೆಯನ್ನು ಬರಗಾಲದಲ್ಲೂ ಮೇವು ಎಂದು ತರಬೇಡಿ. ಕಾರ್ಖಾನೆಯ ಅಥವಾ ಪೇಟೆಯ ಮೋರಿ ನೀರಿನಲ್ಲಿ ಹಸಿರುಹಸಿರಾಗಿ ಬೆಳೆದ ಹುಲ್ಲೂ ಅಷ್ಟೆ, ಪುಕ್ಕಟೆ ಸಿಕ್ಕಿದರೂ ಬೇಡ.

ಇನ್ನು ಪರೀಕ್ಷೆ. ಊಹೆಯ ಮೇಲೆ ಯಾವ ಬೋರನ್ನೂ ದೂರಬಾರದು, ಯಾವುದನ್ನೂ ನಂಬಲೂಬಾರದು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮಲ್ಲೇ ಕೆಲವರು ಪಡೆದಿರಬಹುದು. ಆ ಕಿಟ್‌ನಿಂದ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಗೊತ್ತಾಗುತ್ತದೆ. ಸೀಸ, ಕ್ಯಾಡ್ಮಿಯಂ ನೋಡಲು ಪ್ರಯೋಗಾಲಯವೇ ಬೇಕು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಗ್ರಾಮ ಪಂಚಾಯಿತಿ ಮೂಲಕ ಬರೆಯುವಾಗ "ನೀರು ಪರೀಕ್ಷೆ" ಎಂದಷ್ಟೇ ಬರೆದರೆ ಮಾಮೂಲಿ ವರದಿ ಬರುತ್ತದೆ. "ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಆರ್ಸೆನಿಕ್, ಪಾದರಸ ಪರೀಕ್ಷೆ" ಎಂದು ಹೆಸರು ಹೆಸರಾಗಿ ಬರೆಯಿರಿ. ಬಾಟಲಿಯನ್ನು ಅವರಿಂದಲೇ ಕೇಳಿ ಪಡೆಯಿರಿ. ಮನೆಯ ಹಳೆಯ ಬಾಟಲಿಯಲ್ಲಿ ಕೊಟ್ಟರೆ ವರದಿ ಎಡವಟ್ಟಾಗುತ್ತದೆ. ಮನುಷ್ಯರು ಕುಡಿಯುವ ನಲ್ಲಿಯದಷ್ಟೇ ಅಲ್ಲ, ಹಸು ಕುಡಿಯುವ ಬೋರಿನದನ್ನೂ ಕೊಡಿ. ಹಲವು ಊರುಗಳಲ್ಲಿ ಇವೆರಡೂ ಬೇರೆ ಬೇರೆ.

ಹಳ್ಳದ ನೀರಿನ ಬಣ್ಣ ಇದ್ದಕ್ಕಿದ್ದಂತೆ ಬದಲಾದರೆ ಅಥವಾ ಮೀನು ಸತ್ತು ತೇಲಿದರೆ, ದನಗಳನ್ನು ಅತ್ತ ಬಿಡದೆ ಅದೇ ದಿನ ಪಂಚಾಯಿತಿಗೆ ಮತ್ತು ಮೈಸೂರಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ತಿಳಿಸಿ. ಎರಡು ದಿನ ಕಳೆದರೆ ಹರಿಯುವ ನೀರಿನಲ್ಲಿ ಸಾಕ್ಷಿ ಉಳಿಯುವುದಿಲ್ಲ. ಕರುವೋ ಹಸುವೋ ಕಣ್ಣು ಕಾಣದಂತೆ ಎಡವುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತುವುದು ಕಂಡರೆ ಅಂತ್ರಕ್ಕೆ ಮೊದಲು ನಮಗೆ ಕರೆ ಮಾಡಿ. ನಾವು ಬರುವಷ್ಟರಲ್ಲಿ ಗೊಂತಿನ ಸುತ್ತ ಏನೇನು ಬಿದ್ದಿದೆ ಎಂದು ಒಮ್ಮೆ ನೋಡಿ ಇಟ್ಟುಕೊಳ್ಳಿ. ಆ ಹಸುವಿನ ಹಾಲನ್ನು ಅಲ್ಲಿಯ ತನಕ ಕ್ಯಾನಿಗೂ ಹಾಕಬೇಡಿ, ಮನೆಗೂ ಇಟ್ಟುಕೊಳ್ಳಬೇಡಿ.